ಹತ್ತರಲ್ಲಿ ಎಷ್ಟು? ಮಹಿಳಾ ಕ್ರಿಕೆಟ್‌ನ ಅಂಕದ ಚೌಕದ ಬಗ್ಗೆ

ಮಾನ್ಯ ಸಂಪಾದಕರೇ,

ಮಹಿಳಾ ಕ್ರಿಕೆಟ್‌ನ ದೊಡ್ಡ ಪಂದ್ಯ ಮುಗಿದ ಮರುದಿನ ಕ್ರೀಡಾಪುಟದ ಮೂಲೆಯಲ್ಲೊಂದು ಚೌಕ ಬರುತ್ತದೆ. ಹನ್ನೊಂದು ಹೆಸರು, ಪ್ರತಿ ಹೆಸರಿನ ಎದುರು ಹತ್ತರಲ್ಲಿ ಇಷ್ಟು ಎಂದು ಅಂಕ. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ವಾಚನಾಲಯಗಳಲ್ಲಿ ವರದಿ ಬಿಟ್ಟು ಮೊದಲು ಈ ಚೌಕಕ್ಕೇ ಕಣ್ಣು ಹಾಯಿಸುವವರು ಕಡಿಮೆಯಿಲ್ಲ. ಅಂಕ ಕೊಡುವುದೇ ಬೇಡ ಎಂಬ ವಾದ ನಮ್ಮದಲ್ಲ. ಕೊಡುವ ಕ್ರಮದ ಮೇಲೆ ತಕರಾರಿದೆ.

ಈಗಿನ ಕ್ರಮ ಯಾರಿಗೂ ತಿಳಿಯುವಂಥದ್ದೇ. ಅರ್ಧಶತಕಕ್ಕೆ 8, ಮೂರು ವಿಕೆಟ್‌ಗೆ 8, ಏನೂ ಮಾಡದವಳಿಗೆ 5, ಸೊನ್ನೆಗೆ 3. ಗೆದ್ದ ತಂಡಕ್ಕೆ ತಲಾ ಒಂದಂಕ ಹೆಚ್ಚು. ಪಕ್ಕದಲ್ಲೇ ಅಚ್ಚಾದ ಸ್ಕೋರುಪಟ್ಟಿಯನ್ನು ಇನ್ನೊಮ್ಮೆ ಅಚ್ಚು ಹಾಕಿದ ಹಾಗೆ. ಓದುಗನಿಗೆ ಹೊಸದಾಗಿ ಸಿಕ್ಕಿದ್ದೇನು?

ಒಂದೇ ಪಂದ್ಯವನ್ನು ಹತ್ತಿರದಿಂದ ನೋಡೋಣ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಫೈನಲ್. ಡೆಲ್ಲಿ ಕ್ಯಾಪಿಟಲ್ಸ್ 18.3 ಓವರ್‌ಗಳಲ್ಲಿ 113ಕ್ಕೆ ಆಲೌಟ್. ಬೆಂಗಳೂರು 19.3 ಓವರ್‌ಗಳಲ್ಲಿ 2 ವಿಕೆಟ್‌ಗೆ 115. ಶ್ರೇಯಾಂಕಾ ಪಾಟೀಲ್ 3.3 ಓವರ್‌ಗಳಲ್ಲಿ 12 ರನ್ನಿಗೆ 4 ವಿಕೆಟ್, ಸೋಫಿ ಮೊಲಿನೋ 4 ಓವರ್‌ಗಳಲ್ಲಿ 20ಕ್ಕೆ 3. ಪಂದ್ಯಶ್ರೇಷ್ಠ ಪ್ರಶಸ್ತಿ ಮೊಲಿನೋಗೆ. ನಮ್ಮ ಹುಡುಗಿಗೆ ಅನ್ಯಾಯವಾಯಿತೆಂದು ಆವತ್ತು ಗೊಣಗಿದ ಕನ್ನಡಿಗರು ಬಹಳ. ಪಟ್ಟಿ ನೋಡಿ ಅಂಕ ಹಾಕಿದರೆ ಶ್ರೇಯಾಂಕಾಗೆ 9, ಮೊಲಿನೋಗೆ 8 ಬರುತ್ತದೆ ನಿಜ. ಈಗ ಲೆಕ್ಕ ಹಾಕೋಣ.

ಎರಡೂ ಇನಿಂಗ್ಸ್ ಕೂಡಿಸಿದರೆ 111 ಮತ್ತು 117, ಒಟ್ಟು 228 ಎಸೆತ. ರನ್ 113 ಮತ್ತು 115, ಅದೂ 228. ಹೀಗೆ ಸಮಸಮ ಬರುವುದು ಅಪರೂಪ. ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಪಂದ್ಯ ಸಿಗಲಿಕ್ಕಿಲ್ಲ. ಆ ರಾತ್ರಿ ಆ ಪಿಚ್ಚಿನಲ್ಲಿ ಎಸೆತಕ್ಕೆ ಒಂದು ರನ್ ಎಂಬುದೇ ಮಟ್ಟ. ಯಾರ ಆಟವನ್ನಾದರೂ ಅಳೆಯಬೇಕಾದದ್ದು ಈ ಮಟ್ಟದಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು. ಮೊಲಿನೋ 24 ಎಸೆತಕ್ಕೆ 20 ಕೊಟ್ಟರು, ಉಳಿಸಿದ್ದು 4. ಶ್ರೇಯಾಂಕಾ 21 ಎಸೆತಕ್ಕೆ 12, ಉಳಿಸಿದ್ದು 9. ಇಲ್ಲಿಯವರೆಗೆ ಶ್ರೇಯಾಂಕಾ ಮುಂದೆ.

ಇನ್ನು ವಿಕೆಟ್. ಏಳು ಓವರ್ ಮುಗಿದಾಗ ಡೆಲ್ಲಿ ವಿಕೆಟ್ ನಷ್ಟವಿಲ್ಲದೆ 64. ಅಂದರೆ 42 ಎಸೆತಕ್ಕೆ 64, ಮಟ್ಟಕ್ಕಿಂತ 22 ಹೆಚ್ಚು. ಎಂಟನೇ ಓವರಿನ ನಾಲ್ಕು ಎಸೆತಗಳೊಳಗೆ ಮೊಲಿನೋ ಶೆಫಾಲಿ ವರ್ಮಾ, ಜೆಮಿಮಾ ರಾಡ್ರಿಗಸ್, ಆಲಿಸ್ ಕ್ಯಾಪ್ಸಿ ಮೂವರನ್ನೂ ಕಳಿಸಿದರು. ಸ್ಕೋರು 64ರಲ್ಲೇ ನಿಂತು ಮೂರು ವಿಕೆಟ್ ಹೋಯಿತು. ಅಲ್ಲಿಂದ ಕೊನೆಯವರೆಗೆ 65 ಎಸೆತಗಳಲ್ಲಿ ಡೆಲ್ಲಿಗೆ ದಕ್ಕಿದ್ದು ಬರೀ 49 ರನ್. ಶ್ರೇಯಾಂಕಾ ಪಡೆದ ನಾಲ್ಕರಲ್ಲಿ ಮೆಗ್ ಲ್ಯಾನಿಂಗ್ ಒಂದು. ಉಳಿದ ಮೂರು ಬಾಲದ ಕಡೆಯವು, ಅಂದರೆ ಕೊನೆಯಲ್ಲಿ ಆಡಲು ಬರುವವರವು. ಎಲ್ಲಾ ವಿಕೆಟ್‌ಗೂ ಒಂದೇ ಬೆಲೆ ಕಟ್ಟಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಆದ್ದರಿಂದ ವಿಕೆಟ್‌ಗೆ ಬೆಲೆ ಕಟ್ಟುವಾಗ ಔಟಾದವರ ಕ್ರಮಾಂಕ ನೋಡಬೇಕು. ಟಿ20ಗೆ ನಮ್ಮ ಸಲಹೆ ಇದು: ಮೊದಲ ನಾಲ್ವರಲ್ಲಿ ಒಬ್ಬರು ಔಟಾದರೆ 10 ರನ್ ಬೆಲೆ, ಐದು ಮತ್ತು ಆರನೆಯವರಿಗೆ 6, ಏಳರಿಂದ ಕೆಳಗೆ 3. ಇದನ್ನು ಉಳಿಸಿದ ರನ್ನಿಗೆ ಕೂಡಿಸಿದರೆ ಮೊಲಿನೋಗೆ 34, ಶ್ರೇಯಾಂಕಾಗೆ 28. ಎಲ್ಲರೂ 5ರಿಂದ ಶುರು. ಪ್ರತಿ 8 ರನ್ನಿಗೆ ಒಂದು ಅಂಕ ಮೇಲೆ ಅಥವಾ ಕೆಳಗೆ. ಮೊಲಿನೋ 9ರ ಮೇಲೆ ಸ್ವಲ್ಪ, ಶ್ರೇಯಾಂಕಾ ಎಂಟೂವರೆ. ಮೂರು ಓವರ್‌ಗಳಲ್ಲಿ 14ಕ್ಕೆ 2 ವಿಕೆಟ್ ಪಡೆದ ಆಶಾ ಶೋಭನಾ 7. ಪ್ರಶಸ್ತಿ ಕೊಟ್ಟವರು ತಪ್ಪಿರಲಿಲ್ಲ. ಹಾಗೆಂದು ಶ್ರೇಯಾಂಕಾ ಆಟವೂ ಸಣ್ಣದಾಗಲಿಲ್ಲ. ಇಬ್ಬರ ನಡುವೆ ಇದ್ದದ್ದು ಮುಕ್ಕಾಲು ಅಂಕದ ಅಂತರ.

10, 6, 3 ಎಂಬವು ಕಲ್ಲಿನಲ್ಲಿ ಕೊರೆದವಲ್ಲ. ತಮ್ಮ ಕ್ರೀಡಾ ವಿಭಾಗದವರಿಗೆ 12, 7, 4 ಸರಿ ಕಂಡರೆ ಹಾಗೇ ಆಗಲಿ. ಆದರೆ ಟೂರ್ನಿಯ ಮೊದಲ ದಿನ ಹಾಕಿದ ದರ ಕೊನೆಯ ದಿನದವರೆಗೂ ಅದೇ ಇರಬೇಕು. ಅಂಗಡಿಯವನು ಗಿರಾಕಿಯ ಮುಖ ನೋಡಿ ತಕ್ಕಡಿಯ ಕಲ್ಲು ಬದಲಿಸಬಾರದಲ್ಲ.

ಬ್ಯಾಟಿಂಗ್‌ಗೂ ಇದೇ ಮಟ್ಟ, ಒಂದು ತಿದ್ದುಪಡಿಯೊಂದಿಗೆ. ಮೊದಲು ಆಡಿದವರಿಗೆ ಪಂದ್ಯದ ಒಟ್ಟು ವೇಗವೇ ಮಟ್ಟ. ಬೆನ್ನಟ್ಟುವವರಿಗೆ ಗುರಿ ಕೇಳುವ ವೇಗ. 114 ಗುರಿಗೆ 120 ಎಸೆತ ಇದ್ದಾಗ ಎಸೆತಕ್ಕೆ 0.95 ಸಾಕು. ಶೆಫಾಲಿ 27 ಎಸೆತಕ್ಕೆ 44, ಮಟ್ಟಕ್ಕಿಂತ 17 ಹೆಚ್ಚು, ಅಂಕ 7. ಎಲಿಸ್ ಪೆರ್ರಿ 37 ಎಸೆತಕ್ಕೆ ಅಜೇಯ 35, ಕೇಳಿದಷ್ಟೇ. ಸ್ಮೃತಿ ಮಂದಾನ 39 ಎಸೆತಕ್ಕೆ 31, ಆರು ಕಡಿಮೆ. ಸೂತ್ರ ಕೊಡುವುದು 4ರ ಚಿಲ್ಲರೆ. ಬೇಗ ಔಟಾದವರಿಗೆ ಎಸೆತದ ಲೆಕ್ಕ ಮಾತ್ರ ಹಾಕಿದರೆ ಸಾಲದು. ಮೊದಲ ಎಸೆತಕ್ಕೇ ಔಟಾದ ಕ್ಯಾಪ್ಸಿ ಕಳೆದದ್ದು ಒಂದೇ ಎಸೆತ, ಹಾಗಾಗಿ ಅಂಕ 5ರ ಹತ್ತಿರವೇ ನಿಂತುಬಿಡುತ್ತದೆ. ಅದಕ್ಕೆ ಇನ್ನೊಂದು ನಿಯಮ: ತನ್ನ ವಿಕೆಟ್‌ನ ಬೆಲೆಯಷ್ಟು ರನ್ನನ್ನೂ ಹೊಡೆಯದೆ ಔಟಾದರೆ, ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಕಳೆಯಬೇಕು. ಸೊನ್ನೆಗೆ ಹತ್ತೂ ಕಳೆಯುತ್ತದೆ. ಕ್ಯಾಪ್ಸಿ ಮೂರೂವರೆಗೆ ಇಳಿಯುತ್ತಾರೆ.

ಸೂತ್ರಕ್ಕೆ ಕಣ್ಣಿಲ್ಲ ಎಂಬುದು ಗೊತ್ತಾಗುವುದು ಮಂದಾನ, ಪೆರ್ರಿ ಅವರಂಥ ಆಟದಲ್ಲಿ. ಸಣ್ಣ ಗುರಿ, ತಿರುಗುವ ಚೆಂಡು, ಎದುರಾಳಿಗಳು ಒಂದೇ ಓವರಿನಲ್ಲಿ ಕುಸಿದದ್ದನ್ನು ಆಗಷ್ಟೇ ನೋಡಿದ್ದಾರೆ. ಅಲ್ಲಿ ನಿಧಾನವೇ ಸರಿ. ಹಾಗಾಗಿ ಅಂಕ ಹಾಕುವ ವರದಿಗಾರನ ಕೈಯಲ್ಲಿ ಒಂದು ಅಂಕ ಇರಲಿ, ಕೂಡಿಸಲು ಅಥವಾ ಕಳೆಯಲು. ಒಂದೇ ಅಂಕ. ಅದನ್ನು ಬಳಸಿದಾಗ ಕಾರಣವನ್ನು ಆರೇಳು ಪದಗಳಲ್ಲಿ ಬರೆಯಲೇಬೇಕು. ಮಂದಾನಗೆ 5, ಪೆರ್ರಿಗೆ 6 ಆಗುವುದು ಹೀಗೆ.

ಐವತ್ತು ಓವರಿನ ಪಂದ್ಯಕ್ಕೆ ಇದೇ ಲೆಕ್ಕ ಹಾಕಿದರೆ ಎಡವಟ್ಟಾಗುತ್ತದೆ. 2025ರ ಅಕ್ಟೋಬರ್ 30ರ ವಿಶ್ವಕಪ್ ಸೆಮಿಫೈನಲ್ ನೋಡಿ. ಆಸ್ಟ್ರೇಲಿಯಾ 49.5 ಓವರ್‌ಗಳಲ್ಲಿ 338, ಭಾರತ 48.3 ಓವರ್‌ಗಳಲ್ಲಿ 5 ವಿಕೆಟ್‌ಗೆ 341. ಜೆಮಿಮಾ 134 ಎಸೆತಕ್ಕೆ ಅಜೇಯ 127. ಗುರಿ ಕೇಳಿದ್ದು ಎಸೆತಕ್ಕೆ 1.13ರಂತೆ 151. ಎಸೆತದ ಲೆಕ್ಕ ಮಾತ್ರ ನೋಡಿದರೆ ಜೆಮಿಮಾ 24 ರನ್ ಹಿಂದೆ, ಅಂಕ ಬರೀ 2! ಪಂದ್ಯ ನೋಡಿದ ಯಾರೂ ಒಪ್ಪದ ಉತ್ತರ. ತಪ್ಪಿದ್ದೆಲ್ಲಿ? ಐವತ್ತು ಓವರಿನಲ್ಲಿ ಎಸೆತಕ್ಕಿಂತ ವಿಕೆಟ್ ದುಬಾರಿ. ಆ ದಿನ ಒಟ್ಟು 679 ರನ್ನಿಗೆ 15 ವಿಕೆಟ್ ಬಿತ್ತು, ವಿಕೆಟ್‌ಗೆ ಸುಮಾರು 45.

ಏಕದಿನಕ್ಕೆ ಎರಡು ಅಂಕಣ ಬೇಕು. ಒಂದರಲ್ಲಿ ವೇಗ, ಇನ್ನೊಂದರಲ್ಲಿ ವಿಕೆಟ್. ಎರಡನೆಯದರಲ್ಲಿ ಹೊಡೆದ ರನ್ನಿನಿಂದ ಪಂದ್ಯದ ವಿಕೆಟ್ ಸರಾಸರಿ ಕಳೆಯಿರಿ. ಔಟಾಗದೆ ಉಳಿದವರಿಗೆ ಏನೂ ಕಳೆಯಬೇಡಿ. ಎರಡನ್ನೂ ಕೂಡಿಸಿ 16ರಿಂದ ಭಾಗಿಸಿ, ಬಂದದ್ದನ್ನು ಶುರುವಿನ 5ಕ್ಕೆ ಸೇರಿಸಿ. ಜೆಮಿಮಾಗೆ 127ರಲ್ಲಿ 24 ಕಳೆದು 103. ಹತ್ತು ದಾಟಿತು; ಹತ್ತರಲ್ಲಿ ನಿಲ್ಲಿಸೋಣ. ಅದೇ ಪಂದ್ಯದಲ್ಲಿ 93 ಎಸೆತಕ್ಕೆ 119 ಹೊಡೆದ ಆಸ್ಟ್ರೇಲಿಯಾದ ಫೀಬಿ ಲಿಚ್‌ಫೀಲ್ಡ್‌ಗೆ ವೇಗದಲ್ಲಿ 12, ವಿಕೆಟ್ ಅಂಕಣದಲ್ಲಿ 74, ಒಟ್ಟು 86. ಅವರಿಗೂ 10. ಸೋತ ತಂಡದವಳೆಂದು ಒಂದಂಕ ಕತ್ತರಿಸುವ ಚಾಳಿ ದಯವಿಟ್ಟು ನಿಲ್ಲಲಿ. ಸೋಲು ತಂಡದ್ದು, ಅಂಕ ಕೊಡುತ್ತಿರುವುದು ಆಟಗಾರ್ತಿಗೆ.

ಮಟ್ಟವನ್ನು ಆಯಾ ಪಂದ್ಯದಿಂದಲೇ ತೆಗೆಯಬೇಕೆಂದು ಇಷ್ಟು ಒತ್ತಿ ಹೇಳಲು ಇನ್ನೂ ಒಂದು ಉದಾಹರಣೆ ಸಾಕು. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ಭಾರತ 265, ನ್ಯೂಜಿಲೆಂಡ್ 79ಕ್ಕೆ ಆಲೌಟ್. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15ಕ್ಕೆ 5, ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70. ಆ ಪಂದ್ಯದಲ್ಲಿ ನೂರು ಎಸೆತಕ್ಕೆ ಬಂದದ್ದು 76 ರನ್. ಮೇಲಿನ ಸೆಮಿಫೈನಲ್‌ನಲ್ಲಿ 115. ವೇದಾ ಆಟ ಡರ್ಬಿಯ ಮಟ್ಟಕ್ಕಿಂತ 36 ರನ್ ಮೇಲೆ. ಅದೇ 70 ಸೆಮಿಫೈನಲ್‌ನಲ್ಲಿ ಬಂದಿದ್ದರೆ ಬರೀ 18 ಮೇಲೆ. ಸ್ಟ್ರೈಕ್‌ರೇಟ್ ಎರಡೂ ಕಡೆ ಒಂದೇ, 155. ಸ್ಟ್ರೈಕ್‌ರೇಟ್ ನೋಡಿ ಅಂಕ ಹಾಕುವವರಿಗೆ ಈ ಎರಡು ಆಟಗಳ ನಡುವೆ ಭೇದವೇ ತಿಳಿಯದು.

ಇದರ ಜೊತೆಗೇ ಪುರುಷರ ಗಜಕಡ್ಡಿ ಹಿಡಿದು ಮಹಿಳೆಯರನ್ನು ಅಳೆಯುವ ಅಭ್ಯಾಸವನ್ನೂ ಹೇಳಬೇಕು. ‘ನಿಧಾನಗತಿಯ ಆಟ’ ಎಂಬ ಮಾತು ವರದಿಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಮಹಿಳೆಯರ ಚೆಂಡಿನ ತೂಕ 140ರಿಂದ 151 ಗ್ರಾಂ. ಪುರುಷರದ್ದು 156ರಿಂದ 163. ಪಿಚ್ಚಿನ ಸುತ್ತ ಎಳೆಯುವ ಒಳವೃತ್ತದ ತ್ರಿಜ್ಯ 23 ಮೀಟರ್, ಪುರುಷರಿಗೆ 27.4. ಬೌಂಡರಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸುಮಾರು 55ರಿಂದ 64 ಮೀಟರ್. ವೃತ್ತದ ಮೇಲೆ ನಿಂತವಳು ನಾಲ್ಕು ಮೀಟರ್ ಹತ್ತಿರ ನಿಂತಿದ್ದಾಳೆ. ಚೆಂಡು ಕೈಗೆ ಬರಲು ಸಿಗುವ ಸಮಯ ಕಡಿಮೆ, ಒಂದು ರನ್ ಕದಿಯಲು ಜಾಗವೂ ಕಡಿಮೆ. ಆಟವೇ ಬೇರೆ ಅಳತೆಯದ್ದಾಗಿರುವಾಗ ನಿಧಾನ, ಬಿರುಸು ಎಂಬ ಮಾತು ಆ ಅಳತೆಯೊಳಗೇ ಇರಬೇಕು.

ಅತಿ ಹೆಚ್ಚು ಅನ್ಯಾಯವಾಗುವುದು ಫೀಲ್ಡಿಂಗ್‌ಗೆ. ಐಸಿಸಿಯ ಆಟಗಾರರ ರ್‍ಯಾಂಕಿಂಗ್‌ನಲ್ಲೂ ಅದಕ್ಕೆ ಜಾಗವಿಲ್ಲ. ಅಲ್ಲಿ ಬ್ಯಾಟಿಂಗ್‌ಗೆ ಸಾವಿರದವರೆಗೆ, ಬೌಲಿಂಗ್‌ಗೆ ಸಾವಿರದವರೆಗೆ ಅಂಕ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಆಲ್‌ರೌಂಡರ್ ಅಂಕ. ಎರಡರಲ್ಲೂ 600 ಇದ್ದವಳಿಗೆ 360, ಒಂದರಲ್ಲಿ 800 ಇನ್ನೊಂದರಲ್ಲಿ 300 ಇದ್ದವಳಿಗೆ 240. ತಿಂಗಳುಗಟ್ಟಲೆ ಆಟವನ್ನು ತೂಗಲು ಅದು ಒಳ್ಳೆಯ ಕ್ರಮವೇ, ಆದರೆ ಒಂದು ದಿನದ ಪಂದ್ಯದ ಚೌಕಕ್ಕೆ ಅದರಿಂದ ಉಪಯೋಗವಿಲ್ಲ. ರ್‍ಯಾಂಕಿಂಗ್‌ನಲ್ಲಿ ಮೇಲಿದ್ದಾಳೆಂದು ಆ ದಿನದ ಅಂಕ ಎತ್ತುವುದೂ ತಪ್ಪು.

2025ರ ನವೆಂಬರ್ 2ರ ವಿಶ್ವಕಪ್ ಫೈನಲ್‌ನಲ್ಲಿ ಅಮನ್‌ಜೋತ್ ಕೌರ್ ಅವರ ಸಾಲು ನೋಡಿ. 14 ಎಸೆತಕ್ಕೆ 12 ರನ್. 4 ಓವರ್‌ಗಳಲ್ಲಿ 34 ರನ್, ವಿಕೆಟ್ ಇಲ್ಲ. ಭಾರತ 298, ದಕ್ಷಿಣ ಆಫ್ರಿಕಾ 45.3 ಓವರ್‌ಗಳಲ್ಲಿ 246; ನೂರು ಎಸೆತಕ್ಕೆ 95 ಎಂಬುದು ಮಟ್ಟ. ಬ್ಯಾಟಿಂಗ್‌ನ ವಿಕೆಟ್ ಅಂಕಣವನ್ನು ಸದ್ಯ ಬದಿಗಿಟ್ಟರೆ, ಬ್ಯಾಟಿಂಗ್‌ನ ವೇಗ, ಬೌಲಿಂಗ್ ಎರಡೂ ಸೇರಿ ಸುಮಾರು 12 ರನ್ ಹಿಂದೆ, ಅಂಕ 4. ಆದರೆ ಜೊತೆಯಾಟ 51ಕ್ಕೆ ಬೆಳೆದಿದ್ದಾಗ ತಾಜ್ಮಿನ್ ಬ್ರಿಟ್ಸ್ ರನ್‌ಔಟ್ ಆದದ್ದು ಅಮನ್‌ಜೋತ್ ನೇರವಾಗಿ ಸ್ಟಂಪಿಗೆ ಹೊಡೆದ ಎಸೆತದಿಂದ. ಶತಕ ಹೊಡೆದು ಪಂದ್ಯ ಎಳೆಯುತ್ತಿದ್ದ ಲಾರಾ ವುಲ್ಫಾರ್ಟ್ ಎತ್ತಿದ ಚೆಂಡು ಕೈಯಿಂದ ಜಾರಿ, ಮತ್ತೆ ಜಾರಿ, ಕೊನೆಗೂ ನೆಲ ಮುಟ್ಟದೆ ಉಳಿದದ್ದು ಅವರ ಕೈಯಲ್ಲೇ. ಏಕದಿನದಲ್ಲಿ ಬೆಲೆಗಳನ್ನು ದುಪ್ಪಟ್ಟು ಮಾಡಿದರೆ ಮೊದಲ ನಾಲ್ವರ ವಿಕೆಟ್‌ಗೆ 20. ಒಬ್ಬಳೇ ನೇರ ಹೊಡೆದು ಮಾಡಿದ ರನ್‌ಔಟಿಗೆ ಪೂರ್ತಿ 20, ಕಷ್ಟದ ಕ್ಯಾಚಿಗೆ 8. ಹಿಂದಿದ್ದ 12 ತೀರಿ 16 ಮುಂದೆ. ನಾಲ್ಕು ಎಂದು ಅಚ್ಚಾಗುತ್ತಿದ್ದ ಅಂಕ 6 ಆಗುತ್ತದೆ.

ಅದೇ ಫೈನಲ್‌ನಲ್ಲಿ ರೇಣುಕಾ ಸಿಂಗ್ 8 ಓವರ್‌ಗಳಲ್ಲಿ 28 ರನ್, ವಿಕೆಟ್ ಇಲ್ಲ. ಉಳಿಸಿದ್ದು 17ಕ್ಕಿಂತ ಹೆಚ್ಚು. 5 ವಿಕೆಟ್ ಪಡೆದ ದೀಪ್ತಿ ಶರ್ಮಾ ಉಳಿಸಿದ 15ಕ್ಕಿಂತಲೂ ಮುಂದೆ. ವಿಕೆಟ್ ಅಂಕಣದಲ್ಲಿ ಸೊನ್ನೆ ಕಂಡ ಕೂಡಲೇ 5 ಹಾಕಿ ಮುಂದೆ ಹೋಗುವ ಕೈ ಇಲ್ಲಿ ಸ್ವಲ್ಪ ತಡೆಯಬೇಕು.

ಬಿಟ್ಟ ಕ್ಯಾಚಿನ ಲೆಕ್ಕ ಇನ್ನೂ ಗೋಜಲು. ಸೆಮಿಫೈನಲ್‌ನಲ್ಲಿ ಜೆಮಿಮಾಗೆ 82ರಲ್ಲೊಮ್ಮೆ, 106ರಲ್ಲೊಮ್ಮೆ ಜೀವದಾನ ಸಿಕ್ಕಿತು. ಇದನ್ನು ಬ್ಯಾಟರ್‌ನಿಂದ ಕಳೆಯುವವರಿದ್ದಾರೆ. ನಮಗೆ ಅದು ಸರಿ ಕಾಣುವುದಿಲ್ಲ. ಆಮೇಲೆ ಹೊಡೆದ ರನ್ ಹೊಡೆದದ್ದೇ. ಕೂಡಿಸಬೇಕಾದದ್ದು ಬೌಲರ್‌ಗೆ. ಅವಳು ತನ್ನ ಕೆಲಸ ಮುಗಿಸಿದ್ದಳು. ಸುಲಭದ ಕ್ಯಾಚ್ ಬಿದ್ದರೆ ಆ ವಿಕೆಟ್‌ನ ಅರ್ಧ ಬೆಲೆ ಬೌಲರ್‌ಗೆ ಸೇರಲಿ, ಅಷ್ಟೇ ಬೆಲೆ ಬಿಟ್ಟವಳಿಂದ ಹೋಗಲಿ. ಕಷ್ಟದ್ದನ್ನು ಬಿಟ್ಟರೆ ಯಾರಿಗೂ ಏನೂ ಬೇಡ. ಇಲ್ಲವಾದರೆ ಓಡಿ ಹೋಗಿ ಬೆರಳು ತಾಗಿಸಿದವಳಿಗೆ ದಂಡ, ಓಡದೆ ನಿಂತವಳಿಗೆ ಲಾಭ ಎಂದಾಗುತ್ತದೆ.

ವಿಕೆಟ್‌ಕೀಪರ್‌ಗೆ ಬೇರೆ ಸಾಲೇ ಬೇಕು. ಮಧ್ಯಮ ವೇಗಿಗಳಿಗೂ ಸ್ಟಂಪಿನ ಬಳಿಯೇ ನಿಲ್ಲುವುದು ಮಹಿಳಾ ಕ್ರಿಕೆಟ್‌ನಲ್ಲಿ ಸಾಮಾನ್ಯ. ಬೈ ರನ್ (ಬ್ಯಾಟಿಗೆ ತಾಗದೆ ಕೀಪರ್ ಕೈತಪ್ಪಿದ ಚೆಂಡಿಗೆ ಬಂದ ರನ್) ಎಷ್ಟು ಎಂದಷ್ಟೇ ನೋಡಿದರೆ, ದೂರ ನಿಂತು ಸುಲಭವಾಗಿ ಹಿಡಿದವಳು ಮೇಲೆ ಬರುತ್ತಾಳೆ. ಹತ್ತಿರ ನಿಂತದ್ದರಿಂದ ಕ್ರೀಸ್ ಬಿಟ್ಟು ಹೊರಬರಲಾಗದೆ ಕಟ್ಟಿಬಿದ್ದ ಬ್ಯಾಟರ್ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಕೀಪರ್‌ಗೆ ಬರೆಯಬೇಕಾದವು: ಹಿಡಿದ, ತಪ್ಪಿದ ಸ್ಟಂಪಿಂಗ್, ಲೆಗ್‌ಸೈಡಿನಲ್ಲಿ ಬಿಟ್ಟ ಬೈ, ಓರೆಕೋರೆ ಬಂದ ಥ್ರೋಗಳಲ್ಲಿ ಸರಿಯಾಗಿ ಹಿಡಿದವು ಎಷ್ಟು.

ಒಂದೆರಡು ಎಸೆತ ಮಾತ್ರ ಸಿಕ್ಕವರಿಗೆ ಅಂಕವೇ ಬೇಡ. ಟಿ20ಯಲ್ಲಿ ಆರು ಎಸೆತಕ್ಕಿಂತ ಕಡಿಮೆ ಆಡಿ ಔಟಾಗದೆ ಉಳಿದು, ಬೌಲಿಂಗ್ ಕೂಡ ಮಾಡದಿದ್ದವಳ ಎದುರು ಗೆರೆ ಎಳೆದರೆ ಸಾಕು, 5 ಹಾಕಬೇಕಿಲ್ಲ. ಇದಕ್ಕೂ ಅಪವಾದ ಇದ್ದೇ ಇದೆ. 2024ರ ಡಬ್ಲ್ಯುಪಿಎಲ್ ಮೊದಲ ಪಂದ್ಯದಲ್ಲಿ ಮುಂಬೈಗೆ ಕೊನೆಯ ಎಸೆತಕ್ಕೆ 5 ಬೇಕಿತ್ತು; ನಮ್ಮದೇ ಕೇರಳದ ವಯನಾಡಿನ ಸಜನಾ ಸಜೀವನ್ ಕ್ರೀಸಿಗೆ ಬಂದವರೇ ಸಿಕ್ಸರ್ ಎತ್ತಿದರು. ಒಂದು ಎಸೆತ, ಆರು ರನ್. ಯಾವ ಸೂತ್ರಕ್ಕೂ ಅದು ಸಿಗುವುದಿಲ್ಲ. ಗೆರೆ ಎಳೆದು ಪಕ್ಕದಲ್ಲಿ ‘ಕೊನೆಯ ಎಸೆತಕ್ಕೆ ಸಿಕ್ಸರ್’ ಎಂದು ಬರೆದರೆ ಹತ್ತಂಕಕ್ಕಿಂತ ಹೆಚ್ಚಿನ ಮರ್ಯಾದೆ.

ಇಷ್ಟಕ್ಕೆಲ್ಲ ಸಮಯ ಎಲ್ಲಿ ಎಂದು ತಾವು ಕೇಳಬಹುದು. ಗಡಿನಾಡಿಗೆ ಬರುವ ಆವೃತ್ತಿ ಬೇಗ ಅಚ್ಚಿಗೆ ಹೋಗುತ್ತದೆ, ರಾತ್ರಿ ಪಂದ್ಯ ಹನ್ನೊಂದಕ್ಕೆ ಮುಗಿದರೆ ವರದಿ ಹಿಡಿಸುವುದೇ ಕಷ್ಟ. ವೇಗದ ಮತ್ತು ವಿಕೆಟ್‌ನ ಲೆಕ್ಕಕ್ಕೆ ಸ್ಕೋರುಪಟ್ಟಿ, ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷ ಸಾಕು. ಫೀಲ್ಡಿಂಗ್‌ಗೆ ಪಂದ್ಯ ನೋಡುವಾಗಲೇ ಒಬ್ಬರು ಹಾಳೆ ಹಿಡಿದು ಕೂರಬೇಕು: ಹೆಸರಿನ ಎದುರು ಉಳಿಸಿದ ರನ್, ಬಿಟ್ಟ ರನ್, ಸುಲಭದ ಕ್ಯಾಚ್, ಕಷ್ಟದ ಕ್ಯಾಚ್, ನೇರ ಹೊಡೆತ ಎಂಬ ಐದು ಕಂಬ, ಆದಾಗ ಒಂದೊಂದು ಗೀಟು. ಕ್ಯಾಚು ಸುಲಭವೋ ಕಷ್ಟವೋ ಎಂಬುದನ್ನು ಮರುಪ್ರಸಾರ ನೋಡುವ ಮೊದಲೇ ಬರೆದುಬಿಡಬೇಕು. ನಿಧಾನಗತಿಯ ಚಿತ್ರದಲ್ಲಿ ಎಲ್ಲ ಕ್ಯಾಚೂ ಸುಲಭವಾಗಿಯೇ ಕಾಣುತ್ತದೆ. ಮರುದಿನಕ್ಕೆ ಆಗದಿದ್ದರೆ ಚೌಕ ಒಂದು ದಿನ ತಡವಾಗಿ ಬರಲಿ, ಓದುಗರು ಕಾಯುತ್ತಾರೆ.

ನಮ್ಮ ಜಿಲ್ಲೆಯ ಹುಡುಗಿಯರ ಪಂದ್ಯಗಳಿಗೂ ಈ ಮಾತು ಸಲ್ಲುತ್ತದೆ. ಸಮಾರೋಪಕ್ಕೆ ಬಂದ ಅತಿಥಿಗಳು ಬಹುಮಾನದ ಹೊತ್ತಿಗೆ ‘ಹೆಚ್ಚು ರನ್ ಯಾರದ್ದು’ ಎಂದು ಕೇಳಿ ಟ್ರೋಫಿ ಕೊಟ್ಟು ಹೋಗುವುದೇ ಹೆಚ್ಚು. ಮೊಬೈಲ್ ಆ್ಯಪ್‌ನಲ್ಲಿ ಸ್ಕೋರು ಹಾಕುವ ಕಡೆ ಆ್ಯಪ್ ತಾನೇ ಶ್ರೇಷ್ಠ ಆಟಗಾರ್ತಿಯನ್ನು ತೋರಿಸುತ್ತದೆ, ಆದರೆ ಅದಕ್ಕೆ ಗೊತ್ತಿರುವುದು ಒತ್ತಿದ ಗುಂಡಿಗಳು ಮಾತ್ರ. ಪದವಿನ (ಗುಡ್ಡದ ಮೇಲಿನ ಬಯಲಿನ) ಮೈದಾನಗಳಲ್ಲಿ ಮ್ಯಾಟ್ ಹಾಸಿ ಆಡುವಾಗ ಮ್ಯಾಟಿನಾಚೆ ಮುರಕಲ್ಲಿನ ಒರಟು ನೆಲ. ನೆಲದಲ್ಲಿ ಬಂದ ಚೆಂಡು ಕೊನೆಯ ಗಳಿಗೆಯಲ್ಲಿ ಎದೆಯೆತ್ತರಕ್ಕೆ ಪುಟಿಯುತ್ತದೆ. ಅಲ್ಲಿ ಕೈತಪ್ಪಿದ ಚೆಂಡನ್ನು ‘ಬಿಟ್ಟ ರನ್’ ಕಂಬಕ್ಕೆ ಹಾಕಬಾರದು. ಮೈ ಅಡ್ಡ ಕೊಟ್ಟು ನಿಲ್ಲಿಸಿದ್ದನ್ನು ಉಳಿಸಿದ ರನ್ ಎಂದು ಬರೆಯಲೇಬೇಕು. ಟೆನಿಸ್ ಬಾಲ್ ಆದರೆ ಕ್ಯಾಚಿನ ಕಷ್ಟ ಇನ್ನೂ ಬೇರೆ. ಅಂಗೈಯಿಂದ ಪುಟಿದು ಹೋಗುವ ಚೆಂಡನ್ನು ಎದೆಗೆ ಅವಚಿ ಹಿಡಿಯುವುದೇ ಅಲ್ಲಿ ಸರಿಯಾದ ಕ್ರಮ.

ತಮ್ಮ ಚೌಕಕ್ಕೆ ನಾವು ಕೇಳುವುದು ಇನ್ನೊಂದೇ ಸಾಲಿನ ಜಾಗ. ಹೆಸರುಗಳ ಮೇಲೆ, ಸಣ್ಣ ಅಕ್ಷರದಲ್ಲಿ: ‘ಈ ಪಂದ್ಯದ ಮಟ್ಟ: 100 ಎಸೆತಕ್ಕೆ ಇಷ್ಟು ರನ್, ವಿಕೆಟ್‌ಗೆ ಇಷ್ಟು.’ ಅಷ್ಟು ಅಚ್ಚಾದರೆ ಅಂಕ ಸರಿಯೋ ತಪ್ಪೋ ಎಂದು ಓದುಗರೇ ಪೆನ್ಸಿಲ್ ಹಿಡಿದು ನೋಡಿಕೊಳ್ಳುತ್ತಾರೆ.

ಇಂತಿ ತಮ್ಮ ಓದುಗರು,
ಸ್ಕೋರು ಬರೆಯುವ ಕೆಲವರು,
ಬದಿಯಡ್ಕ, ಕಾಸರಗೋಡು ಜಿಲ್ಲೆ